ನಾಜಿ ಜಾಂಬಿಗಳೂ ಅಪ್ಪನ ಚಕ್ ಕೀಯೂ

ಹಗಲಿಡೀ ತಪ್ಪು ಹುಡುಕುವುದೇ ನನ್ನ ಕೆಲಸ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ಕಬ್ಬಿಣದ ಬಿಡಿಭಾಗಗಳನ್ನು ಒಂದೊಂದಾಗಿ ಅಳೆದು, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕೆಂಪು ಡಬ್ಬಿಗೆ ಹಾಕುತ್ತೇನೆ. ಹಾಕಿದಾಗಲೆಲ್ಲ ಅದನ್ನು ಮಾಡಿದವನ ಮುಖ ಸಣ್ಣದಾಗುತ್ತದೆ, ನನಗೂ ಕಸಿವಿಸಿಯಾಗುತ್ತದೆ. ಅದಕ್ಕೇ ಇರಬೇಕು, ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ನನಗೆ ಕೆಟ್ಟ ಸಿನಿಮಾಗಳೇ ಬೇಕು. ಅದರಲ್ಲೂ ಸತ್ತ ನಾಜಿ ಸೈನಿಕರು ಜಾಂಬಿಗಳಾಗಿ ಮಣ್ಣಿನಿಂದೆದ್ದು ಬರುವ, ಚಿಲ್ಲರೆ ಕಾಸಿನಲ್ಲಿ ತೆಗೆದ ಸಿನಿಮಾಗಳು.

ನಗಬೇಡಿ. ಅವುಗಳ ರುಚಿ ಹತ್ತಿದವರಿಗೇ ಗೊತ್ತು. ಇಡೀ ಸೈನ್ಯ ಎಂದರೆ ಏಳೇ ಜನ; ಗುಡ್ಡದ ಆ ಕಡೆ ಸತ್ತವನೇ ಈ ಕಡೆಯಿಂದ ಮತ್ತೆ ಎದ್ದು ಬರುತ್ತಾನೆ. ಹೆಲ್ಮೆಟ್ಟು ಬೈಕಿನದು, ಮೇಲೆ ಬೂದು ಬಣ್ಣ ಬಳಿದದ್ದು. ಒಬ್ಬನ ಕೊಳೆತ ಮಣಿಕಟ್ಟಿನಲ್ಲಿ ಡಿಜಿಟಲ್ ವಾಚನ್ನೂ ನೋಡಿದ್ದೇನೆ. ಇಷ್ಟು ತಪ್ಪುಗಳಿದ್ದರೂ ಯಾವುದನ್ನೂ ಕೆಂಪು ಡಬ್ಬಿಗೆ ಹಾಕಬೇಕಾಗಿಲ್ಲ, ಯಾರ ಮುಖವೂ ಸಣ್ಣದಾಗುವುದಿಲ್ಲ. ಇನ್ನೂ ಒಂದು ಕಾರಣವಿದೆ. ನಿಜವಾದ ನಾಜಿಗಳು ಮಾಡಿದ್ದನ್ನು ಓದಿದರೆ ನನಗೆ ಊಟ ಸೇರುವುದಿಲ್ಲ. ಸಿನಿಮಾದಲ್ಲಿ ಹೋಟೆಲಿನ ಅಡುಗೆಯವಳೊಬ್ಬಳು ಬಾಣಲೆಯಿಂದ ಅವರ ತಲೆಗೆ ನಾಲ್ಕು ಬಿಟ್ಟಾಗ ಹೊಟ್ಟೆ ತಣ್ಣಗಾಗುತ್ತದೆ.

ಅಪ್ಪ ಇದನ್ನೆಲ್ಲ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮೂವತ್ತು ವರ್ಷ ಪೀಣ್ಯದಲ್ಲೇ ಲೇತ್ ಮೆಷಿನ್ ನಡೆಸಿದವರು. ನಿವೃತ್ತರಾದ ಮರುವರ್ಷವೇ ಸ್ಟ್ರೋಕ್ ಹೊಡೆಯಿತು. ಬಲಗೈ, ಬಲಗಾಲು ಸೋತವು. ಮಾತೂ ಹೋಯಿತು, ಉಳಿದದ್ದು ಒಂದೇ ಪದ, “ಆಯ್ತು.” ಅನ್ನ ಹಾಕ್ಲಾ? ಆಯ್ತು. ನೋವಾಗ್ತಿದ್ಯಾ? ಆಯ್ತು. ಫ್ಯಾನ್ ಇರ್ಲಾ, ಬೇಡ್ವಾ? ಆಯ್ತು. ಕೇಳಿ ಕೇಳಿ ತಲೆ ಚಚ್ಚಿಕೊಳ್ಳುವ ಹಾಗಾಗುತ್ತಿತ್ತು.

ವೈಟ್‌ಫೀಲ್ಡಿನಲ್ಲಿರುವ ನನ್ನ ಅಣ್ಣ ಒಂದು ಭಾನುವಾರ ಬಂದು, ಆನೇಕಲ್ ಕಡೆಯ ಆರೈಕೆ ಕೇಂದ್ರವೊಂದರ ಫೋಟೋಗಳನ್ನು ಮೊಬೈಲಿನಲ್ಲಿ ತೋರಿಸಿದ. “ನೀನು ಶಿಫ್ಟಿಗೆ ಹೋದಾಗ ಬಿದ್ಬಿಟ್ರೆ ಯಾರು ನೋಡ್ತಾರೆ? ಅಲ್ಲಿ ಯಾವಾಗ್ಲೂ ನರ್ಸ್ ಇರ್ತಾರೆ,” ಎಂದವನು ಅಪ್ಪನ ಕಡೆ ಬಾಗಿ, “ಅಪ್ಪಾ, ಅಲ್ಲಿಗೆ ಹೋಗ್ತೀರಾ?” ಎಂದು ಕೇಳಿದ.

“ಆಯ್ತು.”

“ನೋಡು, ಒಪ್ಕೊಂಡ್ರು.”

ನನಗೆ ಸಿಟ್ಟು ನೆತ್ತಿಗೇರಿತು. “ಅದು ಒಪ್ಪಿಗೆ ಅಲ್ಲ ಕಣೋ! ಬಾವಿಗೆ ತಳ್ಳಲಾ ಅಂದ್ರೂ ಆಯ್ತು ಅಂತಾರೆ.”

ಅಣ್ಣ ಕೆಟ್ಟವನಲ್ಲ. ಅವನಿಗಿದ್ದ ಭಯ ನನಗೂ ಇತ್ತು. ನಾನಿಲ್ಲದಾಗ ಕೆಳಗಿನ ಮನೆಯಾಕೆ ಎರಡು ಸಲ ಇಣುಕಿ ಹೋಗುತ್ತಿದ್ದರು, ಅಷ್ಟೇ. ಮುಂದಿನ ತಿಂಗಳ ಮೊದಲ ಭಾನುವಾರ ಕಾರು ತರುತ್ತೇನೆಂದು ಹೇಳಿ ಅವನು ಹೋದ. ಅಪ್ಪನಿಗೆ ಹೋಗುವ ಮನಸ್ಸಿದೆಯೋ ಇಲ್ಲವೋ, ನನಗೆ ಅದೊಂದು ತಿಳಿಯಬೇಕಿತ್ತು. ಹೋಗುತ್ತೇನೆ ಎಂದರೂ ಸರಿ, ಅದು ಅವರ ಬಾಯಿಂದ ಬರಬೇಕಿತ್ತು.

ಮಾತು ಕಲಿಸುವ ಥೆರಪಿಸ್ಟ್ ಹುಡುಗಿ ಚಿತ್ರದ ಕಾರ್ಡುಗಳನ್ನು ಕೊಟ್ಟಿದ್ದಳು. ಮಾವಿನಹಣ್ಣು, ಹಸು, ಛತ್ರಿ. ದಿನಾ ಹಿಡಿದು ತೋರಿಸುತ್ತಿದ್ದೆ. ಅಪ್ಪ ಗೋಡೆಯ ಕಡೆ ತಿರುಗುತ್ತಿದ್ದರು. ಜೀವಮಾನವೆಲ್ಲ ಉಕ್ಕು ಕೊರೆದ ಮನುಷ್ಯನಿಗೆ ಛತ್ರಿ ತೋರಿಸಿದರೆ ಇನ್ನೇನಾಗುತ್ತದೆ!

ಒಂದು ಮಧ್ಯಾಹ್ನ, ಮೊದಲ ಶಿಫ್ಟ್ ಮುಗಿಸಿ ಬಂದು, ಅಪ್ಪ ಮಲಗಿದ್ದಾರೆಂದುಕೊಂಡು ನನ್ನ ಜಾಂಬಿ ಸಿನಿಮಾ ಹಾಕಿದೆ. ಸತ್ತ ಸೈನಿಕನೊಬ್ಬ ಬಲಗಾಲು ಎಳೆಯುತ್ತ, ಬಲಗೈ ಮಡಿಚಿಕೊಂಡು ಮಂಜಿನೊಳಗಿಂದ ಬಂದ. ತಿರುಗಿ ನೋಡಿದರೆ ಅಪ್ಪ ಕಣ್ಣು ಬಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಾರೆ. ಅವರಿಗೆ ನೋವಾದೀತೆಂದು ಸಿನಿಮಾ ನಿಲ್ಲಿಸಲು ರಿಮೋಟಿಗಾಗಿ ತಡಕಾಡಿದೆ. ಅಪ್ಪ ಎಡಗೈಯಿಂದ ಆ ಸೈನಿಕನನ್ನು ತೋರಿಸಿದರು, ಆಮೇಲೆ ತಮ್ಮ ಕಾಲನ್ನು ತೋರಿಸಿದರು, ಆಮೇಲೆ ಮೈಯೆಲ್ಲ ಕುಲುಕುವ ಹಾಗೆ ನಕ್ಕರು. ಅವರು ನಕ್ಕು ಎಷ್ಟೋ ತಿಂಗಳಾಗಿತ್ತು. ಅಂದಿನಿಂದ ಊಟವಾದ ಮೇಲೆ ದಿನಕ್ಕೊಂದು ಸಿನಿಮಾ ಎಂದಾಯಿತು.

ನಾಲ್ಕನೆಯದೋ ಐದನೆಯದೋ ಸಿನಿಮಾ. ನೆಲದಡಿಯ ಪ್ರಯೋಗಾಲಯದಲ್ಲಿ ಹುಚ್ಚು ಡಾಕ್ಟರೊಬ್ಬ ಸತ್ತ ಸೈನಿಕನಿಗೆ ಕಬ್ಬಿಣದ ತೋಳು ಮಾಡುತ್ತಿದ್ದಾನೆ. ಪ್ರಯೋಗಾಲಯವೂ ಇಲ್ಲ, ಮಣ್ಣೂ ಇಲ್ಲ. ಯಾರದೋ ವರ್ಕ್‌ಶಾಪನ್ನು ಒಂದು ದಿನಕ್ಕೆ ಕೇಳಿ ಪಡೆದಿದ್ದರು ಅಷ್ಟೇ. ನಡುವೆ ಒಂದು ಲೇತ್ ಮೆಷಿನ್. ಡಾಕ್ಟರ್ ಅದರ ಚಕ್ಕಿಗೆ, ಎಂದರೆ ಗಿರ್ರನೆ ತಿರುಗುವ ಹಿಡಿಗೆ, ಸರಳು ಸಿಕ್ಕಿಸಿ, ಚಕ್ ಕೀಯಿಂದ ಬಿಗಿ ಮಾಡಿ, ಕೀಯನ್ನು ಅಲ್ಲೇ ಬಿಟ್ಟು ಸ್ವಿಚ್ಚಿಗೆ ಕೈ ಚಾಚಿದ.

ಲೇತ್ ಕಲಿಯುವವರಿಗೆ ಇದೇ ಮೊದಲ ಪಾಠ. ಕೀ ತೆಗೆಯದೆ ಮೆಷಿನ್ ಚಾಲೂ ಮಾಡಿದರೆ ಅದು ಕವಣೆ ಕಲ್ಲಿನ ಹಾಗೆ ಹಾರಿ ಎದುರಿದ್ದವರ ತಲೆ ಒಡೆಯುತ್ತದೆ. ಚಿಕ್ಕಂದಿನಲ್ಲಿ ಆಯುಧಪೂಜೆಗೆ ನನ್ನನ್ನೂ ಅಣ್ಣನನ್ನೂ ಕಾರ್ಖಾನೆಗೆ ಕರೆದೊಯ್ದಾಗಲೂ, “ಕೀ ಎಲ್ಲೈತೆ, ನೋಡಿ ಯೋಳಿ,” ಎಂದು ಕೇಳಿ, ನಾವು ಹುಡುಕಿ ತೋರಿಸಿದ ಮೇಲೆಯೇ ಅಪ್ಪ ಪುರಿ-ಬೂಂದಿ ಕೊಡುತ್ತಿದ್ದರು.

“ಕೀ!”

ಮಂಚದ ಮೇಲಿಂದ ಬಂದ ಕೂಗಿಗೆ ನಾನು ಬೆಚ್ಚಿಬಿದ್ದೆ.

“ಕೀ ತೆಗಿಯೋ ಮುಠ್ಠಾಳ!”

ಮುಂದಿನ ದೃಶ್ಯದಲ್ಲಿ ಕೀ ತಾನಾಗಿ ಮಾಯವಾಗಿತ್ತು. ಇಂಥ ತಪ್ಪು ಹಿಡಿಯುವವರು ಆ ಸಿನಿಮಾದವರಲ್ಲಿ ಯಾರೂ ಇರಲಿಲ್ಲವೇನೋ. ಆರು ಸಲ ಹಿಂದಕ್ಕೆ ಎಳೆದು ಅದನ್ನೇ ಹಾಕಿದೆ. ಆರು ಸಲವೂ ಅಪ್ಪ ಹೊಸದಾಗಿ ಸಿಟ್ಟಾಗಿ ಬೈದರು. ನಾನು ಅಳುತ್ತಲೂ ಇದ್ದೆ, ನಗುತ್ತಲೂ ಇದ್ದೆ.

“ಮಾತು ವಾಪಸ್ ಬರೋವಾಗ ಬೈಗುಳಾನೇ ಮೊದ್ಲು ಬರುತ್ತೆ ಮೇಡಂ, ಬಿಡ್ಬೇಡಿ,” ಎಂದಳು ಥೆರಪಿಸ್ಟ್. ಕಾರ್ಡುಗಳನ್ನು ಕಟ್ಟಿಟ್ಟು, ಸಿನಿಮಾದಲ್ಲಿ ಕಂಡ ತಪ್ಪನ್ನೆಲ್ಲ ಅವರಿಂದ ಹೇಳಿಸತೊಡಗಿದೆ. “ವಾಚು” ಬಂತು. “ಸುಳ್ಳು” ಬಂತು. ಸಾರು ಬಡಿಸುತ್ತಿದ್ದ ನನ್ನ ಕೈ ತಡೆದು “ಸಾಕು” ಎಂದರು ಒಂದು ದಿನ. ಆದರೆ ಆನೇಕಲ್‌ಗೆ ಹೋಗ್ತೀರಾ ಎಂದು ಕೇಳಿದರೆ ಮಾತ್ರ ಮುಖ ತಗ್ಗಿಸಿ ಮತ್ತದೇ “ಆಯ್ತು.”

ಮೊದಲ ಭಾನುವಾರ ಅಣ್ಣ ಕಾರು ತಂದ. ಬೆಳಿಗ್ಗೆಯೇ ನಾನು ಬಟ್ಟೆಯ ಚೀಲ ತುಂಬಿಟ್ಟಿದ್ದೆ, ಒಂದೊಂದು ಅಂಗಿ ಮಡಿಸುವಾಗಲೂ ನನ್ನನ್ನೇ ಬೈದುಕೊಳ್ಳುತ್ತ. ಅವನು ಬೂಟು ಬಿಚ್ಚದೆ ಬಾಗಿಲಲ್ಲೇ ನಿಂತು, “ಅಪ್ಪಾ, ಹೊರಡೋಣ್ವಾ?” ಎಂದ.

ಅಪ್ಪ ಅವನನ್ನು ನೋಡಿದರು, ಚೀಲವನ್ನು ನೋಡಿದರು. ತುಟಿ ಅದುರಿತು. ಕತ್ತಿನ ನರ ಉಬ್ಬಿ, ಎಡಗೈ ಮಂಚದ ಅಂಚನ್ನು ಹಿಡಿದು, ಬಹಳ ಹೊತ್ತಿನ ಮೇಲೆ ಮಾತು ಬಂತು.

“ಬರಾಕಿಲ್ಲ.” ಟೀವಿ ಕಡೆ ಕೈ ತೋರಿಸಿದರು. “ಸಿನ್ಮಾ.”

ಅಣ್ಣ ನನ್ನ ಮುಖ ನೋಡಿದ. ನಾನು ಆ ಹುಚ್ಚು ಡಾಕ್ಟರನ ಸಿನಿಮಾವನ್ನೇ ಹಾಕಿದೆ. ಅವನು ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತ. ಡಾಕ್ಟರ್ ಸರಳು ಸಿಕ್ಕಿಸಿದ, ಬಿಗಿ ಮಾಡಿದ, ಸ್ವಿಚ್ಚಿಗೆ ಕೈ ಚಾಚಿದ.

“ಕೀ ತೆಗಿಯೋ!”

ಕೂಗಿದ್ದು ಅಪ್ಪನಲ್ಲ, ನಾನೂ ಅಲ್ಲ. ಅಣ್ಣ ಕುರ್ಚಿಯಿಂದ ಅರ್ಧ ಎದ್ದು ನಿಂತಿದ್ದ. ಅಪ್ಪ ನಿಧಾನವಾಗಿ ಅವನ ಕಡೆ ತಿರುಗಿದರು. ಕಣ್ಣು ತುಂಬಿತ್ತು.

“ವಾರಕ್ಕೆ ಎರಡು ದಿನ ನಾನು ಇಲ್ಲಿಂದ್ಲೇ ಕೆಲಸ ಮಾಡ್ತೀನಿ. ಉಳಿದ ದಿನಕ್ಕೆ ಯಾರನ್ನಾದ್ರೂ ಹುಡುಕೋಣ,” ಎಂದ ಅಣ್ಣ, ನೆಲ ನೋಡುತ್ತ.

ಅಪ್ಪ ಅವನ ಕಾಲಿನ ಕಡೆ ಬೆರಳು ತೋರಿಸಿದರು. “ಬೂಟು,” ಎಂದರು. “ಬೂಟು ಬಿಚ್ಚು.”

ಅವನು ಬಿಚ್ಚಿ ಹೊಸಿಲಾಚೆ ಇಟ್ಟು ಬಂದು, ಮಂಚದ ಮೇಲೆ ಅಪ್ಪನ ಪಕ್ಕ ಕೂತ.