ಅಮ್ಮ ಕೊಡದ ಹೂವು

ಆ ದಿನ ಹೊಳೆಯಮ್ಮ ಬಲಗಡೆ ಹೂವು ಕೊಡಲಿಲ್ಲ. ಬೀಳಿಸಿದವನು ನಾನು. ಅವಳ ಪೂಜಾರಿಯಾಗಿದ್ದುಕೊಂಡು, ಒಡಹುಟ್ಟಿದ ಅಕ್ಕನನ್ನು ಅವಳ ಮುಂದೆಯೇ ನಿಲ್ಲಿಸಿಕೊಂಡು ಮೋಸ ಮಾಡಿದೆ. ಇದನ್ನು ಸ್ವಲ್ಪ ಮೆತ್ತಗೆ ಹೇಳುವ ದಾರಿ ಇದೆಯೇ ಎಂದು ಬಹಳ ಹುಡುಕಿದೆ — ಇಲ್ಲ.

ಬೋರಲಿಂಗನಿಗೆ ಅರವತ್ತು ತುಂಬುತ್ತದಂತೆ; ಅಭಿನಂದನಾ ಗ್ರಂಥ ತರುತ್ತಾರಂತೆ. ಬಾಲ್ಯದ ಗೆಳೆಯರು ನೀವು, ಸಾಹೇಬರು ಬೆಳೆದು ಬಂದ ದಾರಿಯ ಬಗ್ಗೆ ಒಂದು ಲೇಖನ ಬರೆದುಕೊಡಿ ಎಂದು ಬೆಂಗಳೂರಿನ ಸಮಿತಿಯವರು ಫೋನು ಮಾಡಿದ್ದರು. ಬರೆಯಲು ಕೂತೆ. ಬಂದದ್ದು ಇದು. ಅವರು ಅಚ್ಚು ಹಾಕುವುದಿಲ್ಲ, ನನಗೂ ಗೊತ್ತು.

ದಾರಿ ಅಂದರೆ ದೊಡ್ಡ ದಾರಿಯೇ, ಅದರಲ್ಲಿ ಸುಳ್ಳಿಲ್ಲ. ಮದ್ದೂರಿನ ಸ್ಟೇಷನ್ ಹತ್ತಿರ ಬಾಣಲೆ ಮುಂದೆ ನಿಂತು ವಡೆ ಕರಿಯುತ್ತಿದ್ದವನು ಬೋರಲಿಂಗ. ಮಂಡ್ಯದ ಬಸ್‌ಸ್ಟ್ಯಾಂಡ್ ಪಕ್ಕ ಸ್ವಂತ ಹೋಟೆಲು ಹಾಕಿದ. ಅದರ ಮೇಲೆ ನಾಲ್ಕು ರೂಮು ಕಟ್ಟಿ ಲಾಡ್ಜು ಅಂತ ಬೋರ್ಡು ಬರೆಸಿದ. ಆಮೇಲೆ ಕಬ್ಬಿನ ಗದ್ದೆಗಳು ಸೈಟುಗಳಾಗುವ ಕಾಲ ಬಂತು. ಹೆದ್ದಾರಿ ಅಗಲವಾದ ಹಾಗೆ ಅವನೂ ಅಗಲವಾದ. ಬೆಂಗಳೂರಿನಲ್ಲಿ ಸ್ಟಾರ್ ಹೋಟೆಲುಗಳು, ಲಿಫ್ಟಿನೊಳಗೂ ಸಂಗೀತ ಕೇಳಿಸುವ ಅಪಾರ್ಟ್‌ಮೆಂಟುಗಳು. ಬೋರಲಿಂಗ ಹೋಗಿ ಬಿ. ಎಲ್. ಸಾಹೇಬರಾದ. ಹಾಗಿದ್ದೂ ಊರಿಗೆ ಬಂದರೆ ನಮ್ಮ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮುದ್ದೆ ಬಸ್ಸಾರು ಕೇಳಿ ಹಾಕಿಸಿಕೊಳ್ಳುತ್ತಿದ್ದ. ಯಾರ ಜಮೀನಿನ ಮೇಲೆ ಕಣ್ಣು ಬಿತ್ತೋ ಅವರ ಮನೆಯಲ್ಲಿ ಅವನು ಜಮೀನಿನ ಮಾತು ಎತ್ತುತ್ತಿರಲಿಲ್ಲ, ಮೊದಲು ಊಟ ಮಾಡುತ್ತಿದ್ದ. ಅದು ಅವನ ವಿದ್ಯೆ. ನನಗದು ಪ್ರೀತಿಯೆಂದೇ ಕಂಡಿತ್ತು.

ನಮ್ಮೂರು ಮಳವಳ್ಳಿ ಸೀಮೆಯದು, ಕಾವೇರಿ ದಂಡೆಯ ಮೇಲಿದೆ. ನಾನು ಸಿದ್ದರಾಜು, ಇಲ್ಲೇ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವನು. ಮಂಗಳವಾರ, ಶುಕ್ರವಾರ ಹೊಳೆಯಮ್ಮನ ಪೂಜೆ ನಮ್ಮ ಮನೆತನಕ್ಕೆ ಸೇರಿದ್ದು. ಅಪ್ಪ ಹೋದ ಮೇಲೆ ನನ್ನ ಪಾಲಿಗೆ ಬಂತು. ಅಕ್ಕ ದೇವೀರಮ್ಮನನ್ನು ಊರೊಳಗೇ ಕೊಟ್ಟಿದ್ದರು. ಮಕ್ಕಳಿಲ್ಲ. ಭಾವ ತೀರಿಕೊಂಡಾಗ ಹೊಳೆಗೆ ಅಂಟಿಕೊಂಡಿದ್ದ ಅವರದೇ ಹೊಲದಲ್ಲಿ, ಹೊಂಗೆ ಮರದ ಬುಡದಲ್ಲಿ ಮಣ್ಣು ಮಾಡಿದ್ದೆವು. ಅಕ್ಕ ದಿನಾ ಸಂಜೆ ಅಲ್ಲಿಗೆ ಹೋಗಿ, ಆ ಗುಡ್ಡೆಯ ಪಕ್ಕ ಸುಮ್ಮನೆ ಸ್ವಲ್ಪ ಹೊತ್ತು ಕೂತು ಬರುತ್ತಿದ್ದಳು. ಬೋರಲಿಂಗ ರೆಸಾರ್ಟಿಗೆ ಆರಿಸಿಕೊಂಡದ್ದು ಆ ದಂಡೆಯನ್ನೇ. ಸುತ್ತಲಿನವರೆಲ್ಲ ಕೊಟ್ಟರು. ಅಕ್ಕ ಮಾತ್ರ ಕೊಡಲಿಲ್ಲ.

ಅವಳನ್ನು ಒಪ್ಪಿಸು ಎಂದು ಅವನು ನನಗೆ ಗಂಟುಬೀಳಲಿಲ್ಲ. ಹೆಗಲ ಮೇಲೆ ಕೈ ಹಾಕಿಕೊಂಡು ಹೊಳೆಯವರೆಗೂ ನಡೆಸಿಕೊಂಡು ಹೋದ. ಇದು ಎದ್ದರೆ ನೀನು ಪೂಜಾರಿ ಮೇಷ್ಟ್ರಾಗಿ ಸಾಯೋದಿಲ್ಲ, ನನ್ನ ಪಕ್ಕ ಕುರ್ಚಿ ಹಾಕಿಸಿ ಕೂರಿಸ್ತೀನಿ, ಅಮ್ಮನ ಗುಡಿಗೆ ಕಲ್ಲಿನ ಗೋಪುರ ಕಟ್ಟಿಸ್ತೀನಿ ಅಂದ. ನನಗೆ ಗೋಪುರ ಕಾಣಿಸಲಿಲ್ಲ. ಕುರ್ಚಿ ಕಾಣಿಸಿತು. ಒಂದೇ ಬೆಂಚಿನಲ್ಲಿ ಕೂತು ನನ್ನ ಸ್ಲೇಟು ನೋಡಿ ಬರೆದವನು ಅಷ್ಟು ಮೇಲೇರಿದ್ದು ಒಳಗೊಳಗೇ ಸುಡುತ್ತಿತ್ತು — ಆ ಸಂಕಟ ಯಾರಿಗೂ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು.

'ನಿಮ್ಮಕ್ಕ ನನ್ ಮಾತು ಕೇಳಾಕಿಲ್ಲ, ನಿನ್ ಮಾತೂ ಕೇಳಾಕಿಲ್ಲ,' ಅಂದ. 'ಅಮ್ಮನ್ ಮಾತು ಕೇಳ್ತಾಳೆ. ಅಮ್ಮನ್ ಬಾಯಿ ನಿನ್ ಕೈಲೇ ಅದೆಯಲ್ಲ, ಬುಡ್ಲಾ.'

ಅಷ್ಟೇ ಅವನು ಹೇಳಿದ್ದು.

ನಮ್ಮಲ್ಲಿ ಮದುವೆಗೆ, ಬೋರ್‌ವೆಲ್ಲಿಗೆ, ಮನೆ ಪಾಯಕ್ಕೆ, ಎಲ್ಲಕ್ಕೂ ಅಮ್ಮನ ಹತ್ತಿರ ಹೂವು ಕೇಳುತ್ತಾರೆ. ವಿಗ್ರಹದ ಎರಡೂ ಭುಜಕ್ಕೆ ಒದ್ದೆ ಮಾಡಿದ ದಳ ಅಂಟಿಸಿ ಕೈಮುಗಿದು ಕಾಯುವುದು. ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆ. ಎಡಗಡೆಯದು ಬಿದ್ದರೆ ಬೇಡ. ಆಮೇಲೆ ಯಾರೂ ಎರಡು ಮಾತಾಡುವುದಿಲ್ಲ. ಅಪ್ಪ ನನಗೆ ಮಂತ್ರಕ್ಕಿಂತ ಮೊದಲು ಕಲಿಸಿದ್ದು ಎರಡೂ ಕಡೆಗೆ ಒಂದೇ ಸಮ ನೀರು ಹಚ್ಚುವುದನ್ನು.

ಆ ಶುಕ್ರವಾರ ನಾನು ಎಡಗಡೆಯ ದಳಕ್ಕೆ ಗಟ್ಟಿಯಾಗಿ ಗಂಧ ಮೆತ್ತಿದೆ. ಬಲಗಡೆಗೆ ಬೆರಳ ತುದಿಯ ತೇವ ಅಷ್ಟೆ. ಅಕ್ಕ ತಲೆಗೆ ನೀರು ಹಾಕಿಕೊಂಡು, ಉಪವಾಸ ಬಂದಿದ್ದಳು.

'ತಾಯಿ, ಅವುರ್ನ ಮಡಗಿರೋ ಜಾಗ ಅದು,' ಅಂದಳು. 'ಕೊಡು ಅಂದ್ರೆ ಕೊಡ್ತೀನಿ. ಬ್ಯಾಡ ಅಂದ್ರೆ ಪ್ರಾಣ ಓದ್ರೂ ಕೊಡಾಕಿಲ್ಲ. ನೀನೇ ಯೋಳು.'

ಬಲಗಡೆಯ ದಳ ಬಿತ್ತು. ಬೀಳದೆ ಎಲ್ಲಿಗೆ ಹೋಗುತ್ತದೆ. ಅಕ್ಕ ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿಕೊಂಡಳು. 'ಆಯ್ತು ಕಣವ್ವ' ಅಂದು ಅತ್ತಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ದೇವರು ಕೊಡದ್ದನ್ನು ಕೊಟ್ಟ ಪೂಜಾರಿ ನಾನು.

ಬೋರಲಿಂಗ ವೀಳ್ಯದೆಲೆ ಅಡಿಕೆ ಅವಳ ಕೈಗೆ ಕೊಟ್ಟು ಮಾತು ಕೊಟ್ಟ. 'ಭಾವನ್ ಗುಡ್ಡೆ ತಂಟೆಗೆ ಓಗಾಕಿಲ್ಲ ಕಣಕ್ಕ. ಮಾರ್ಲಾಮಿಗೆ ನೀನು ಬಂದು ಎಡೆ ಮಡಗು. ನಾನೇ ನಿಂತ್ಕಂಡು ಗೇಟ್ ತೆಗಿಸ್ತೀನಿ.' ಮಹಾಲಯದ ಹಬ್ಬಕ್ಕೆ ನಮ್ಮ ಕಡೆ ಮಾರ್ಲಾಮಿ ಅನ್ನುತ್ತೇವೆ. ಸತ್ತವರಿಗೆ ಅವರು ಇಷ್ಟಪಡುತ್ತಿದ್ದ ಅಡುಗೆ ಮಾಡಿ ಬಡಿಸುವ ದಿನ. ಅವನ ಆ ಮಾತನ್ನು ನಾನು ನಂಬಿದ್ದೆ. ಮೋಸ ಮಾಡಿದವನೂ ಇನ್ನೊಬ್ಬನ ಮಾತನ್ನು ನಂಬುತ್ತಾನೆ — ಎಂಥ ಸೋಜಿಗ.

ಕೆಲಸ ಶುರುವಾದ ದಿನವೇ ಸುತ್ತ ತಗಡಿನ ಬೇಲಿ ಎದ್ದಿತು; ಅಕ್ಕ ಸಂಜೆ ಅಲ್ಲಿಗೆ ಹೋಗುವುದು ನಿಂತಿತು, ಒಳಗೆ ಏನಾಗುತ್ತಿದೆ ಎಂದು ನಮಗೆ ಕಾಣುತ್ತಿರಲಿಲ್ಲ. ರೆಸಾರ್ಟಿನ ಆರಂಭೋತ್ಸವಕ್ಕೆ ಇಸ್ತ್ರಿ ಪಂಚೆ ಉಟ್ಟು ಹೋದೆ. ವೇದಿಕೆಯ ಮೇಲೆ ನನ್ನ ಕುರ್ಚಿ ಇರಲಿಲ್ಲ. ಹಿಂದಿನ ಸಾಲಿನಲ್ಲಿ, ಡ್ರೈವರುಗಳು ಕೂತಿದ್ದ ಕಡೆ ಕೂರಿಸಿದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು. ಭಾಷಣ ಮುಗಿಯುವ ಮುಂಚೆಯೇ ಎದ್ದು ದಂಡೆಯ ಕಡೆ ನಡೆದೆ. ಹೊಂಗೆ ಮರ ಇರಲಿಲ್ಲ. ಗುಡ್ಡೆ ಇರಲಿಲ್ಲ. ಅಲ್ಲಿ ಈಜುಕೊಳ ಇತ್ತು; ನೀಲಿ ಟೈಲ್ಸಿನ ಮೇಲೆ ನೀರು ತುಂಬಿ ಹೊಳೆಯ ಕಡೆಗೇ ಚೆಲ್ಲುತ್ತಿತ್ತು. ಭಾವನ ಮೂಳೆಗಳನ್ನು ಎಲ್ಲಿ ಹಾಕಿದರೋ… ಕೇಳಲು ಧೈರ್ಯ ಬರಲಿಲ್ಲ. ಊಟ ಮುಗಿಸಿ ಬಂದೆ. ಹೌದು, ಊಟ ಮಾಡಿದೆ. ಹೇಗಿತ್ತು ಎಂದು ಅಕ್ಕ ಕೇಳಿದಳು. ಚೆನ್ನಾಗಿತ್ತು ಅಂದೆ.

ಆ ವರ್ಷ ಮಾರ್ಲಾಮಿಗೆ ಅವಳು ಕೋಳಿ ಸಾರು, ಒಬ್ಬಟ್ಟು, ಭಾವನಿಗೆ ಇಷ್ಟವಾದ ಅವರೆಕಾಳು ಉಸಲಿ ಮಾಡಿ, ಬುಟ್ಟಿಯಲ್ಲಿಟ್ಟು ಹೊತ್ತುಕೊಂಡು ಹೊರಟಳು. ಬೇಡ ಅನ್ನಲಾಗಲಿಲ್ಲ, ಜೊತೆಗೆ ಹೋದೆ. ಗೇಟಿನವನಿಗೆ ಕನ್ನಡ ಬರುತ್ತಿರಲಿಲ್ಲ. ಬೋರಲಿಂಗನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಕೊನೆಗೆ ಆಫೀಸಿನಿಂದ ಒಬ್ಬ ಹುಡುಗಿ ಬಂದು, ಗೆಸ್ಟ್‌ಗಳಿಗೆ ತೊಂದರೆಯಾಗುತ್ತೆ, ಬೇರೆ ದಿನ ಬನ್ನಿ ಅಂದಳು. ಬೇರೆ ದಿನ ಯಾವ ಮಾರ್ಲಾಮಿ ಇರುತ್ತದೆ. ಅಕ್ಕ ಜಗಳ ಆಡಲಿಲ್ಲ. ಕಾಂಪೌಂಡು ಗೋಡೆಯ ಹೊರಗೆ, ಪಾರ್ಥೇನಿಯಂ ಗಿಡ ಸರಿಸಿ ಎಲೆ ಹಾಸಿ ಎಡೆ ಇಟ್ಟಳು. ಯಾವ ದಿಕ್ಕಿಗೆ ಕೈ ಮುಗಿಯಬೇಕು ಎಂದು ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ. ಗುಡ್ಡೆ ಉಳಿದಿಲ್ಲ ಎಂದು ಅವಳಿಗೆ ಅಷ್ಟರಲ್ಲೇ ತಿಳಿಯಿತು.

ಬೋರಲಿಂಗನನ್ನು ಬೈಯುತ್ತಾಳೆ ಅಂದುಕೊಂಡಿದ್ದೆ. ಇಲ್ಲ. 'ಮನ್ಸ ಅಂದ್ಮೇಲೆ ಆಸೆ ಇರ್ತದೆ ಕಣ್ಲಾ, ಅವನ್ನೇನ್ ಅನ್ನದು,' ಅಂದಳು. 'ಅಮ್ಮಂಗೆ ಗೊತ್ತಿತ್ತಲ್ಲ ಇಂಗಾಯ್ತದೆ ಅಂತ. ಗೊತ್ತಿದ್ದೂ ಕೊಡು ಅಂದ್ಲಲ್ಲ. ಅವ್ಳೇ ನನ್ ಕುತ್ಗೆ ಕುಯ್ದುಬುಟ್ಲು.'

ಅಂದಿನಿಂದ ಅಕ್ಕ ಗುಡಿಗೆ ಬರಲಿಲ್ಲ. ಮಂಗಳವಾರದ ದೀಪ ಬಿಟ್ಟಳು. ಆ ಬೀದಿಯಲ್ಲಿ ಹೋಗಬೇಕಾದರೆ ಮುಖ ಬೇರೆ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದಳು. ಹುಟ್ಟಿದಾಗಿನಿಂದ ಇದ್ದ ಒಂದು ಆಸರೆ ಅದು. ಗಂಡ ಹೋದ ಮೇಲಂತೂ ಇದ್ದದ್ದು ಅದೊಂದೇ. ನಾನು ಪಕ್ಕದಲ್ಲೇ ಇದ್ದು ನೋಡಿದೆ. ನೋಡಿದ್ದು ಮಾತ್ರವಲ್ಲ — ಅಮ್ಮನ ಲೀಲೆ ನಮಗೆ ತಿಳಿಯುತ್ತದೆಯೇ ಅಕ್ಕ ಎಂದು ಸಮಾಧಾನ ಹೇಳಿದೆ. ಹೂವಿನದು ಒಂದು ಬೆಳಗಿನ ತಪ್ಪು. ಇದನ್ನು ವರ್ಷ ವರ್ಷವೂ ಮಾಡಿದೆ.

ಸಮಿತಿಯವರು ಮಾದರಿಗೆಂದು ಬೋರಲಿಂಗನ ಒಂದು ಭಾಷಣ ಕಳಿಸಿದ್ದರು. ಹೊಳೆಯಮ್ಮ ತಾನೇ ಬಲಗಡೆ ಹೂವು ಕೊಟ್ಟು ಈ ರೆಸಾರ್ಟ್ ಕಟ್ಟಿಸಿಕೊಂಡಳು ಎಂದು ಅದರಲ್ಲಿ ಹೇಳಿಕೊಂಡಿದ್ದ. ಮೈ ಉರಿಯಿತು. ಫೋನು ಮಾಡಿದೆ, ಅದೃಷ್ಟಕ್ಕೆ ಅವನೇ ಎತ್ತಿದ. ಆ ಹೂವಿನ ವಿಷಯ ನಿನಗೆ ಗೊತ್ತಿಲ್ಲವೇನೋ ಅಂದೆ.

'ಏನ್ಲಾ ಯೋಳ್ತಿದ್ದೀಯೆ? ನೀನೇನಾರ ಮಾಡಿದ್ಯಾ? ನಾನ್ ನಿಂಗೆ ಅಂಗ್ ಮಾಡು ಅಂದಿದ್ನಾ?'

ಅಂದಿರಲಿಲ್ಲ. ಎಷ್ಟು ಜ್ಞಾಪಿಸಿಕೊಂಡರೂ ಅವನು ಅಂದಿರಲಿಲ್ಲ. ಅವನು ನನ್ನನ್ನು ಬಳಸಿ ಬಿಸಾಕಿದ ಎಂಬ ಸಿಟ್ಟನ್ನು ಇಷ್ಟು ವರ್ಷ ಸಾಕಿಕೊಂಡಿದ್ದೆ. ಆ ಸಿಟ್ಟಿಗೂ ಈಗ ನಿಲ್ಲಲು ಜಾಗ ಉಳಿಯಲಿಲ್ಲ.

ಫೋನಿಟ್ಟವನೇ ಅಕ್ಕನ ಮನೆಗೆ ಹೋದೆ. ಹಿತ್ತಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ನಿಂತುಕೊಂಡೇ ಹೇಳಿದೆ — ಗಂಧದ ವಿಷಯ, ನೀರಿನ ವಿಷಯ, ಕುರ್ಚಿಯ ವಿಷಯ. ಅವಳ ಕೈ ನಿಂತಿತು.

'ಅಂಗಾರೆ ಅವ್ಳು ಕೊಡು ಅನ್ಲಿಲ್ಲ,' ಅಂದಳು.

'ಇಲ್ಲ ಅಕ್ಕ.'

'ಅವಳ್ನ ಎಷ್ಟ್ ಬೈದ್ಬುಟ್ನಲ್ಲೋ ನಾನು…'

ಬೈಗುಳಕ್ಕೆ, ಏಟಿಗೆ ತಯಾರಾಗಿ ಹೋಗಿದ್ದೆ. ನನ್ನ ಕಡೆ ಅವಳು ನೋಡಲೇ ಇಲ್ಲ. ಎದ್ದು ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡಳು, ಒದ್ದೆ ಕೂದಲಲ್ಲೇ ಗುಡಿಯ ಕಡೆ ನಡೆದಳು. ನಾನು ಹಿಂದೆಯೇ ಹೋಗಿ ಬೀಗ ತೆಗೆದೆ. ದೀಪ ಹಚ್ಚಲು ಅಭ್ಯಾಸಬಲದಿಂದ ಹೊಸಿಲ ಮೇಲೆ ಕಾಲಿಟ್ಟೆ.

'ನೀನು ಒಳೀಕ್ ಬರ್ಬ್ಯಾಡ,' ಅಂದಳು.

ಬಾಗಿಲಾಚೆ ನಿಂತೆ. ಒಳಗೆ ಅಕ್ಕ ಅಮ್ಮನ ಕಾಲು ಹಿಡಿದುಕೊಂಡು ಅಳುತ್ತಿದ್ದಳು. ತಪ್ಪಾಯ್ತು ತಾಯಿ, ತಪ್ಪಾಯ್ತು, ಹೊಟ್ಟೆಗಾಕೊ ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ನಾನು ಆಡಬೇಕಾದ ಮಾತನ್ನು ಅವಳು ಆಡುತ್ತಿದ್ದಳು, ನಾನು ಹೊರಗೆ ನಿಂತು ಕೇಳುತ್ತಿದ್ದೆ.