ಅತ್ತೆ ಅಂದ ಶಬ್ದ, ಎಕ್ಕದ ಗಿಡದ ಗಂಡಾಂತರ

ಒಂದೇ ಒಂದು ಶಬ್ದದಿಂದ ನಮ್ಮ ಅತ್ತೆ ಹೋದ ವಾರ ಒಂದು ಕಾಡನ್ನೇ ಕಡಿಸಲು ಹೊರಟಿದ್ದರು. ಅದೂ ಉಳಿಸಬೇಕೆಂದು ಹೋಗಿ!

(ಕಾಡು ಅಂದರೆ ದಂಡಕಾರಣ್ಯ ಅಂದುಕೊಳ್ಳಬೇಡಿ. ಮರಾಠಿ ಸೀಮೆಯ ಬಿಬವೇವಾಡಿಯಲ್ಲಿ, ನಮ್ಮ ಫ್ಲಾಟುಗಳ ಸೊಸೈಟಿಯ ಹಿಂದೆ, ನೀರಿನ ಟ್ಯಾಂಕಿಗೂ ಕಂಪೌಂಡಿಗೂ ನಡುವೆ, ಯಾರೂ ಕೈಹಾಕದ ಒಂದು ತುಂಡು ನೆಲ. ಅಷ್ಟೇ.)

ಅಲ್ಲಿ ಏನಿದೆ? ಆಳೆತ್ತರದ ಎಕ್ಕದ ಗಿಡ, ಒಂದು ಬಾರಿಹಣ್ಣಿನ ಗಿಡ, ಉತ್ತರಾಣಿ, ಹೆಸರು ಗೊತ್ತಿಲ್ಲದ ಬಳ್ಳಿಗಳು. ಪ್ರತಿ ಶನಿವಾರ ಅತ್ತೆ ಎಕ್ಕದ ಎಲೆ ಕಿತ್ತು ಹನುಮಪ್ಪನಿಗೆ ಮಾಲೆ ಕಟ್ಟುತ್ತಾರೆ. ಟೊಂಗೆಯ ಮೇಲೆ ಪಟ್ಟೆಪಟ್ಟೆ ಹುಳು ಕಂಡರೆ ಅದನ್ನು ಬಿಟ್ಟು ಬೇರೆ ಟೊಂಗೆ ಹಿಡಿಯುತ್ತಾರೆ. "ಅದು ಅವುಗಳ ಊಟದ ತಾಟು. ನಾ ಯಾಕ ಕೈ ಹಾಕ್ಲಿ?" ಅನ್ನುತ್ತಾರೆ.

ಈಗ ಆ ಹುಳುಗಳೆಲ್ಲ ಎಲೆಯಡಿ ಹಸಿರು ಕೋಶ ಕಟ್ಟಿಕೊಂಡು ತೂಗಾಡುತ್ತಿದ್ದವು. ಇನ್ನು ಕೆಲವೇ ದಿನ, ಚಿಟ್ಟೆ ಹೊರಬರಬೇಕು. ನಾನಂತೂ ಬೆಳಗಿನ ಚಹಾದ ಕಪ್ಪು ಹಿಡಿದು ಅಲ್ಲೇ ನಿಲ್ಲುತ್ತಿದ್ದೆ.

ಅಷ್ಟರಲ್ಲಿ ಸೊಸೈಟಿ ಮೀಟಿಂಗ್ ಬಂತು. ವಿಷಯ: ಹಿಂದಿನ ಜಾಗ ಕ್ಲೀನ್ ಮಾಡಿ ಸ್ಕೂಟರ್ ಪಾರ್ಕಿಂಗ್ ಮಾಡುವುದು. ನಮ್ಮವರಿಗೆ ಚಾಕಣದ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟ್. ನನಗೆ ಮೈತುಂಬ ಜ್ವರ. "ಅತ್ತೀ, ಅದು ಹೆಂಗ ಅದ ಹಂಗ ಇರ್ಲಿ ಅಂತ ಹೇಳಿ ಬರ್ರಿ" ಎಂದು ಕಳಿಸಿದೆ. (ಅತ್ತೆಯ ಮರಾಠಿ ತರಕಾರಿ ಮಾರ್ಕೆಟ್ಟಿನಲ್ಲಿ ಕಲಿತದ್ದು. ಅದರಲ್ಲಿ ಅರ್ಧಕ್ಕರ್ಧ ಕನ್ನಡವೇ.)

ವಾಪಸ್ ಬಂದವರು ಭಾರಿ ಖುಷಿಯಲ್ಲಿದ್ದರು. "ಸೆಕ್ರೆಟರಿ ನನಗs ಕೇಳಿದ್ರು, 'ಆಜೀ, ಈ ಗಿಡಗಂಟೀಗೆ ಏನ್ ಮಾಡೋಣು' ಅಂತ. ನಾ ಖಡಕ್ ಹೇಳಿದೆ. ಮತ್ತ ಕೇಳಿದ್ರು, ಮತ್ತ ಹೇಳಿದೆ. ಎಲ್ಲಾರೂ ಚಪ್ಪಾಳಿ ಹೊಡದ್ರು ನೋಡವಾ."

ನಾನು ನಿಶ್ಚಿಂತೆಯಿಂದ ಮಲಗಿದೆ.

ಬೆಳಿಗ್ಗೆ ಎಚ್ಚರವಾದದ್ದು ಕುಡಗೋಲಿನ ಸದ್ದಿಗೆ. ಜ್ವರ ಗಿರ ಮರೆತು ಓಡಿದೆ. ಕಂಪೌಂಡಿನ ಕಡೆ ನೆಲ ಬೋಳಾಗಿತ್ತು. ಆಳು ಎಕ್ಕದ ಬುಡಕ್ಕೆ ಬಂದಿದ್ದ. ಪಕ್ಕದಲ್ಲಿ ಸೆಕ್ರೆಟರಿ ಸಾಹೇಬರು. "ಥಾಂಬಾ, ಥಾಂಬಾ" ಎಂದು ಅವನನ್ನು ನಿಲ್ಲಿಸುವಷ್ಟರಲ್ಲಿ ನನಗೆ ಅಳುವೇ ಬಂದಿತ್ತು.

"ಅಹೋ ವಹಿನಿ, ತುಮಚ್ಯಾ ಸಾಸೂಬಾಯಿಂನೀಚ ಸಾಂಗಿತಲಂ" ಎಂದರು ಸೆಕ್ರೆಟರಿ. ನಿಮ್ಮ ಅತ್ತೆಯವರೇ ಹೇಳಿದ್ದಲ್ಲವೇ, ಅದೂ ಎರಡೆರಡು ಸಲ!

ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ ಬಂದರು. "ನಾ ಎಲ್ಲಿ ಕಡೀರಿ ಅಂದೆ? ನಾ ಅಂದದ್ದು ಕಾಡು. ಕಾಡು!"

"ತೇಚ! ಕಾಢೂ!" ಎಂದರು ಸೆಕ್ರೆಟರಿ. ಅದನ್ನೇ ತಾನೇ ನಾನೂ ಹೇಳಿದ್ದು ಎನ್ನುವಂತೆ.

ಆಗ ನನಗೆ ಹೊಳೆಯಿತು. ಮರಾಠಿಯಲ್ಲಿ 'ಕಾಢೂ' ಅಂದರೆ 'ತೆಗೆಯೋಣ'. 'ಇದು ಕಾಡು, ಕಾಡಾಗಿಯೇ ಇರಲಿ' ಎನ್ನುವ ಅರ್ಥದಲ್ಲಿ ಅತ್ತೆ 'ಕಾಡು' ಅಂದಿದ್ದಾರೆ. ಸಭೆಗೆ 'ಕಿತ್ತುಹಾಕೋಣ' ಎಂದು ಕೇಳಿಸಿದೆ. ಒಂದು ಮಹಾಪ್ರಾಣದಲ್ಲಿ ಎಷ್ಟು ಜೀವಗಳ ಪ್ರಾಣ!

ಬಿಡಿಸಿ ಹೇಳಿದೆ. ಸೆಕ್ರೆಟರಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೂ ಠರಾವು ಪಾಸಾಗಿದೆಯಲ್ಲ, ಎಂದು ತಲೆ ಕೆರೆದುಕೊಂಡರು. ಅಷ್ಟರಲ್ಲಿ ಮೇಲಿನ ಗ್ಯಾಲರಿಯಿಂದ ಅವರ ಶ್ರೀಮತಿಯ ದನಿ ಬಂತು. ಮರಾಠಿಯಲ್ಲೇ ಕೇಳಿದರು: ಎಕ್ಕ ಕಡಿದರೆ ಶನಿವಾರ ನಮ್ಮ ಮಾರುತಿಗೆ ಏನು ಹಾಕಲಿ, ನಿಮ್ಮ ಸ್ಕೂಟರಿನ ಟಯರಾ?

ಠರಾವು ಅಲ್ಲಿಗೇ ಬಿತ್ತು. (ಮನೆಯಲ್ಲಿ ಬಹುಮತ ಬೇಕಾಗುವುದಿಲ್ಲ.) ಸ್ಕೂಟರುಗಳು ಈಗ ಗೇಟಿನ ಪಕ್ಕ ಸ್ವಲ್ಪ ಓರೆಯಾಗಿ ನಿಲ್ಲುತ್ತಿವೆ, ಆರಾಮಾಗಿ.

ಕಡಿದದ್ದೇನು ಎಂದು ನೋಡಿದರೆ ಬರೀ ಪಾರ್ಥೇನಿಯಂ. ಮೈಗೆಲ್ಲ ತುರಿಕೆ ತರುವ, ಬೇರೆ ಗಿಡಗಳನ್ನು ಬೆಳೆಯಗೊಡದ ಪರದೇಶಿ ಕಳೆ. ಹೋದದ್ದು ಒಳ್ಳೆಯದೇ ಆಯಿತು. ಕೋಶಗಳು ಎಲೆಯಡಿ ಹಾಗೇ ಇದ್ದವು. ಹೋದ ಜೀವ ಬಂದಂತಾಯಿತು.

ನನ್ನದೊಂದು ಪ್ರಶ್ನೆ. 'ಕ್ಲೀನ್' ಅಂದರೆ ಏನು? ಚಿಟ್ಟೆ ಕಡಿಮೆಯಾದವು, ಹಕ್ಕಿ ಕಾಣುತ್ತಿಲ್ಲ ಎಂದು ಕೊರಗುವವರು ನಾವೇ. ಇದ್ದ ಗಿಡ ಕಿತ್ತು ಲಾನ್ ಹಾಕಿಸಿ, ಯಾವ ಹುಳುವೂ ಮೂಸದ ಗಿಡಗಳನ್ನು ನರ್ಸರಿಯಿಂದ ತಂದು ಸಾಲಾಗಿ ಇಡುವವರೂ ನಾವೇ. ಹುಳು ಬೇಡ, ಚಿಟ್ಟೆ ಮಾತ್ರ ಬೇಕು ಅಂದರೆ ಹೇಗೆ? ಹುಲಿ ಉಳಿಸುವುದು ನಿಮ್ಮ ನನ್ನ ಕೈಯಲ್ಲಿದೆಯೋ ಇಲ್ಲವೋ. ಹಿತ್ತಲ ಒಂದು ಮೂಲೆಯನ್ನು ಅದರ ಪಾಡಿಗೆ ಬಿಡುವುದಂತೂ ಇದೆ. ಔಷಧ ಹೊಡೆಯಬೇಡಿ, ಊರಿನ ಗಿಡಗಳನ್ನು ಕೀಳಬೇಡಿ. ಇದಕ್ಕಿಂತ ಸೋಮಾರಿಯಾದ ಸಮಾಜಸೇವೆ ಇನ್ನೊಂದಿದೆಯೇ?

ನಿನ್ನೆ ಮೊದಲ ಚಿಟ್ಟೆ ಹೊರಬಂತು. ಕೇಸರಿ ರೆಕ್ಕೆ ಒಣಗಿಸಿಕೊಂಡು ಟ್ಯಾಂಕಿನ ಆಚೆ ಹಾರಿತು. ಅತ್ತೆ ಕೈ ಮುಗಿದರು.

ಅದೇ ಹೊತ್ತಿಗೆ ಸೆಕ್ರೆಟರಿ ಎಕ್ಕದ ಮುಂದೆ ಹಲಗೆ ನೆಡಿಸಿದರು. ಮರಾಠಿಯಲ್ಲಿ ಎರಡೇ ಶಬ್ದ, 'ಕಾಢೂ ನಕಾ'. 'ನಕಾ' ಅಂದರೆ ಬೇಡಿ; ಕೂಡಿಸಿದರೆ, ಕೀಳಬೇಡಿ. ಅತ್ತೆ ಅಕ್ಷರ ಕೂಡಿಸಿ ಓದಿದರು. "ಕಾಡು... ನಕಾ. ನೋಡವಾ, ಮೊದಲನೇ ಶಬ್ದ ನಂದs ಅದ."

ಹಲಗೆಯ ಮೊದಲನೇ ಶಬ್ದ ಹೇಳಲು ಎಲ್ಲ ಸೊಸೈಟಿಯಲ್ಲೂ ಜನ ಇದ್ದಾರೆ. ನಿಮ್ಮಲ್ಲಿ ಎರಡನೆಯದನ್ನು ಹೇಳುವವರು ಯಾರು?