ಬೆಳಿಗ್ಗೆ ಹೊರಡದ ಮೋಟರ್‌ಸೈಕಲ್

ನಿನ್ನೆ ನಲ್ಲಿಯಲ್ಲಿ ನೀರು ಬಂದಾಗ ಎರಡು ಕೊಡ, ಒಂದು ಬಾಲ್ದಿ ತುಂಬಿಟ್ಟೆ. ಅಕ್ಕಿ ಆರಿಸಿದೆ. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು, ಸಕ್ಕರೆ ಮುಗಿಯಿತೆಂದು ಕೇಳಿ ವಾಪಸು ಬಂದೆ. ಇವರ ಅಂಗಿಗೆ ಗುಂಡಿ ಹೊಲಿದೆ. ತೆಂಗಿನೆಣ್ಣೆಯ ಬಾಟಲಿ ಚಳಿಗೆ ಗಟ್ಟಿಯಾಗಿತ್ತು. ಕಿಟಕಿಯ ಬಿಸಿಲಿಗೆ ಇಟ್ಟೆ. ಮುಂಬಯಿಯ ಚಳಿ ಇಷ್ಟೇ, ಎಣ್ಣೆಗೆ ಮಾತ್ರ ತಿಳಿಯುವಷ್ಟು. ಆದರೆ ಆ ಬಿಳಿ ಎಣ್ಣೆ ಕಂಡಾಗಲೆಲ್ಲ ನನಗೆ ನೆನಪಾಗುವುದು ಒಂದು ಮೋಟರ್‌ಸೈಕಲ್. ನಗಬೇಡಿ, ಹೇಳುತ್ತೇನೆ.

ನಾವು ಆಂಟಾಪ್ ಹಿಲ್‌ಗೆ ಬಂದ ಹೊಸತು. ಇವರಿಗೆ ವಿಲೆ ಪಾರ್ಲೆಯ ಹೋಟೆಲೊಂದರಲ್ಲಿ ಬೆಳಗಿನ ತಿಂಡಿ ಮಾಡುವ ಕೆಲಸ. ವಿಮಾನ ನಿಲ್ದಾಣದ ಕೂಲಿಗಳು, ಡ್ರೈವರುಗಳು ಬೆಳಕು ಹರಿಯುವ ಮೊದಲೇ ಇಡ್ಲಿಗೆ ಬಂದು ನಿಲ್ಲುವರು. ಬಸ್ಸು ಹಿಡಿದು, ದಾದರಿನಲ್ಲಿ ಲೋಕಲ್ ಹತ್ತಿ ಇವರು ಮುಟ್ಟುವಷ್ಟರಲ್ಲಿ ಗಲ್ಲಾದಲ್ಲಿ ಕೂತ ಮಾಲಕರ ಮುಖ ಕೆಂಪಾಗಿರುತ್ತಿತ್ತು. ಅದಕ್ಕೇ ಯಾರೋ ಮೂಲೆಗೆ ತಳ್ಳಿದ್ದ, ಯುದ್ಧಕಾಲದ್ದೆಂದು ಹೇಳುತ್ತಿದ್ದ ಮೋಟರ್‌ಸೈಕಲನ್ನು ಅಗ್ಗಕ್ಕೆ ಕೊಂಡು ತಂದರು. ಹೊಸ ಎಮ್ಮೆ ತಂದವರ ಹಾಗೆ ಅದರ ಬೆನ್ನು ತಟ್ಟಿದರು.

ಚಳಿ ಶುರುವಾದದ್ದೇ ಗಾಡಿ ಬೆಳಿಗ್ಗೆ ಹೊರಡದಾಯಿತು. ಒದ್ದರೂ ಇಲ್ಲ, ತಳ್ಳಿದರೂ ಇಲ್ಲ. ಬೆವರು ಒರೆಸಿಕೊಂಡು ಇವರು ಮತ್ತೆ ಬಸ್ಸಿಗೆ ಓಡುವುದು. ಮಾಲಕರು ಒಂದು ದಿನ ಹೇಳಿಯೇಬಿಟ್ಟರಂತೆ: "ನಾಳೆ ನಿನ್ನ ರಜೆ. ನಾಡಿದ್ದೂ ತಡ ಮಾಡಿದ್ರೆ ಬರ್ಲೇ ಬೇಡ ಮಾರಾಯ. ಊರಿಂದ ಬೇರೆ ಜನ ಬಂದು ಕೂತಿದೆ." ಕೆಲಸ ಹೋದರೆ ನಮ್ಮ ಕೋಣೆಯೂ ಹೋದಂತೆಯೇ.

ಕೆಳಗಿನ ಮನೆಯ ದಾದಾಪೀರ್ ಹುಬ್ಬಳ್ಳಿಯವರು, ಗ್ಯಾರೇಜಿನಲ್ಲಿ ಕೆಲಸ. ಊಟಕ್ಕೆ ಬಂದಾಗಲೆಲ್ಲ ಪಾಪ, ನೋಡುತ್ತಿದ್ದರು. ಪ್ಲಗ್ ಬದಲಿಸಿದ್ದರು, ವಾಯರ್ ಬದಲಿಸಿದ್ದರು. ಆದರೆ ಮಧ್ಯಾಹ್ನ, ಇವರು ಕೆಲಸ ಮುಗಿಸಿ ಬಂದ ಮೇಲೆ, ಅವರು ಒಂದು ಸಲ ಒದ್ದರೆ ಸಾಕು, ಗಾಡಿ ಗುಡುಗುತ್ತಿತ್ತು.

"ಗಾಡಿ ಚಲೋ ಐತ್ರೀ ಶೆಟ್ರ. ನಿಮ್ಮ ಕಾಲಾಗ ದಮ್ ಇಲ್ಲ. ಇಡ್ಲಿ ತಿಂದ ಕಾಲು!"

"ಬೆಳಿಗ್ಗೆ ಬಂದು ಒದ್ದು ನೋಡಿ ಸಾಯ್ಬ್ರೇ, ಆಮೇಲೆ ಮಾತಾಡುವ," ಎಂದರು ಇವರು.

ರಜೆಯ ದಿನ ಬೆಳಿಗ್ಗೆ ದಾದಾಪೀರ್ ಗೊಣಗುತ್ತಲೇ ಬಂದರು. ಒದ್ದು ಒದ್ದು ಅವರ ಕಾಲೂ ಸೋತಿತು. ಕೊನೆಗೆ ಇಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿದರು. ಒಳಗೆ ಪಾಯಿಂಟ್ ಅಂತ ಒಂದು ಇರುತ್ತದೆ, ಪುಟ್ಟ ಬಾಗಿಲಿನ ಹಾಗೆ. ಅದು ತೆರೆದು ಮುಚ್ಚಿದರೆ ಮಾತ್ರ ಕಿಡಿ. ನಮ್ಮದು ತೆರೆದ ಬಾಯಿ ಮುಚ್ಚದೆ ನಿಂತಿತ್ತು. ಸಂದಿಯಲ್ಲೆಲ್ಲ ಬಿಳಿ ಬಿಳಿ.

"ಇದ್ಯಾವ ಗ್ರೀಸ್ರೀ? ಇಂಥಾದ್ದು ನಾ ಎಲ್ಲೂ ನೋಡಿಲ್ಲ."

ಚಹಾ ಕೊಡಲು ಹೋದವಳು ಬಗ್ಗಿದೆ. ಮೂಗಿಗೇ ತಿಳಿಯಿತು. "ಗ್ರೀಸ್ ಅಲ್ಲ, ತೆಂಗಿನೆಣ್ಣೆ," ಎಂದೆ. ಇಬ್ಬರೂ ಇವರ ಕಡೆ ತಿರುಗಿದೆವು.

"ಎಂಥ ನೋಡ್ತೀರಿ? ಎಣ್ಣೆ ಹಾಕದೆ ಯಾವ ಮಿಷನ್ ಓಡ್ತದೆ?"

ನಮ್ಮ ಊರ ಕಡೆ ಹಾಗೆಯೇ ನೋಡಿ. ಕಿರುಗುಟ್ಟುವ ಬಾಗಿಲಿಗೆ, ಗೋಡೆ ಗಡಿಯಾರಕ್ಕೆ, ಮಗುವಿನ ನೆತ್ತಿಗೆ, ಎಲ್ಲಕ್ಕೂ ಅದೇ ಎಣ್ಣೆ. ಶನಿವಾರ ತಲೆಗೆ ಹಚ್ಚಿಕೊಂಡ ಕೈಯಲ್ಲೇ ಇವರು ಆ ಮುಚ್ಚಳ ತೆಗೆದು ಗಾಡಿಯ ಒಳಗೂ ಬಿಡುತ್ತಿದ್ದರಂತೆ. ಬೆಳಿಗ್ಗೆ ಅದು ಹೆಪ್ಪುಗಟ್ಟುವುದು, ಮಧ್ಯಾಹ್ನದ ಬಿಸಿಲಿಗೆ ಕರಗುವುದು.

"ಯಾ ಅಲ್ಲಾ! ಇನ್ನ ಸೀಗೆಕಾಯಿ ಹಚ್ಚಿ ಎರಿಯೂದೊಂದು ಉಳದೈತಿ ನೋಡ್ರಿ ಶೆಟ್ರ!" ದಾದಾಪೀರ್ ನಕ್ಕು ನಕ್ಕು ನೆಲದ ಮೇಲೇ ಕೂತರು. ಆಮೇಲೆ ಪಾಯಿಂಟನ್ನು ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಪಾಲಿಶ್ ಪೇಪರಿನಿಂದ ಉಜ್ಜಿ ಕೂರಿಸಿದರು.

ಮರುದಿನ ಮೊದಲ ಒದೆತಕ್ಕೇ ಗಾಡಿ ಹೊರಟಿತು. ಅದರ ಸದ್ದು ತಿರುವಿನಲ್ಲಿ ಅಡಗುವವರೆಗೂ ಮನೆ ಮುಂದಿನ ಗ್ಯಾಲರಿಯಲ್ಲಿ ನಿಂತಿದ್ದೆ. ಕೆಲಸ ಉಳಿಯಿತೆಂದು ಕಣ್ಣಲ್ಲಿ ನೀರು ಬಂತು.

ಉಳಿದದ್ದು ನಿಜ. ಮುಂದೆ ಬೇಗನೆ ಹೊರಡುವ ಬಸ್ಸು ಶುರುವಾಯಿತು, ಗಾಡಿ ಗುಜರಿಗೆ ಹೋಯಿತು, ಕೆಲಸ ಹಾಗೇ ಇತ್ತು. ಆ ಒಂದು ಮುಂಜಾನೆಯನ್ನು ಗೆದ್ದೆವು. ಆಮೇಲಿನ ಮುಂಜಾನೆಗಳೆಲ್ಲ ಹೋಟೆಲಿನವಾದವು. ಒಲೆಯ ಮುಂದೆ ನಿಂತು ನಿಂತು ಇವರ ಕಾಲಿನ ನರ ಗಂಟುಗಟ್ಟಿತು. ಒಟ್ಟಿಗೆ ಕೂತು ಬೆಳಗಿನ ಚಹಾ ಕುಡಿದದ್ದು ನನಗೆ ನೆನಪಿಲ್ಲ.

ನಿನ್ನೆ ಕೆಲಸದಿಂದ ಬಂದ ಇವರು ಚಪ್ಪಲಿ ಬಿಡುತ್ತಲೇ ಹೇಳಿದರು: "ಬೆಳಗಿನ ಪಾಳಿ ಬಿಟ್ಟೆ. ಇನ್ನು ಮಧ್ಯಾಹ್ನ ಹೋದ್ರೆ ಸಾಕು."

"ಮಾಲಕರು ಬಿಡಿಸಿದ್ರಾ?"

"ಇಲ್ಲ. ನಾನೇ ಸಾಕು ಅಂದೆ."

ರಾತ್ರಿ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಸುಟ್ಟ ಹಪ್ಪಳ. ಇವರು ಎರಡನೆಯ ಸಲ ಗಂಜಿ ಹಾಕಿಸಿಕೊಂಡರು, ಅವಸರವಿಲ್ಲದೆ ಉಂಡರು. ದಿನವೂ ನಾನು ಪಾತ್ರೆ ತೊಳೆದು ಬರುವ ಮೊದಲೇ ಗೊರಕೆ ಹೊಡೆಯುವವರು ನಿನ್ನೆ ಗ್ಯಾಲರಿಯಲ್ಲಿ ಸುಮ್ಮನೆ ಕೂತೇ ಇದ್ದರು. ಮೊದಲು ನಿದ್ದೆಹೋದವಳು ನಾನು.